ಜೀಪಿಗೊಂದು ಕೊಸರು

ನನಗೊಂದು ಕೆಟ್ಟ ಚಾಳಿಯಿದೆ. ಏನೇ ಕೊಂಡರೂ ಕೊನೆಯಲ್ಲಿ ಕೊಸರು ಕೇಳುತ್ತೇನೆ. ಬದನೆಕಾಯಿ ತೂಗಿ ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಬದನೆಕಾಯಿ, ಈರುಳ್ಳಿ ತೂಗಿದ ಮೇಲೆ ಇನ್ನೊಂದು ಈರುಳ್ಳಿ, ಏನೂ ಹುಟ್ಟದಿದ್ದರೆ ಒಂದು ಎಸಳು ಕರಿಬೇವು. ಮೊನ್ನೆ ಗುಂಡ್ಲುಪೇಟೆಯಲ್ಲಿ ಹೊಸದಾಗಿ ತೆರೆದ ಗಾಜಿನ ಬಾಗಿಲಿನ ಅಂಗಡಿಯೊಂದರಲ್ಲಿ ಚಪ್ಪಲಿ ಕೊಂಡೆ. ಹಣ ಕೊಟ್ಟು ಅಭ್ಯಾಸಬಲದಿಂದ 'ಕೊಸರು ಏನಾದ್ರೂ ಕೊಡಪ್ಪ' ಎಂದುಬಿಟ್ಟೆ. ಅಂಗಡಿಯವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಚಪ್ಪಲಿಯನ್ನು ನೋಡಿದ. ಒಂಟಿ ಚಪ್ಪಲಿಯನ್ನು ಕೊಸರು ಕೊಡುವ ಪದ್ಧತಿ ಇನ್ನೂ ಬಂದಿಲ್ಲ. ನನ್ನ ಹೆಂಡತಿ ನಾನು ಯಾರೋ ಎನ್ನುವ ಹಾಗೆ ಬೇರೆ ಕಡೆ ತಿರುಗಿ ನಿಂತಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಈ ಮನೆಗೆ ಬರುವಷ್ಟರಲ್ಲಿ ನಮ್ಮ ಅವ್ವನ ಮೊದಲಿನ ಆರ್ಭಟ ಇಳಿದಿತ್ತು. ಅವ್ವ ಸಂತೆ ಮಾಡುವುದನ್ನು ಅವಳ ಒಳ್ಳೆಯ ಕಾಲದಲ್ಲಿ ನೋಡಿದವರಿಗೆ ನಾನು ಏನೂ ಅಲ್ಲ ಎಂದು ಗೊತ್ತು. ನಾನು ಬದನೆಕಾಯಿಗೆ ಕೊಸರು ಕೇಳುವವನು. ಅವ್ವ ಜೀಪಿಗೆ ಕೊಸರು ಕೇಳಿದವಳು. ಕೇಳಿದ್ದಷ್ಟೇ ಅಲ್ಲ, ಇಸಕೊಂಡು ಮನೆಗೆ ತಂದವಳು.

ಚಪ್ಪಲಿ ಅಂಗಡಿಯಿಂದ ಹೊರಬಂದು ಬಂಡೀಪುರದ ರಸ್ತೆಯ ಬದಿ ನಿಂತಾಗ ಅದೇ ನೆನಪು. ಕಾಡು ನೋಡಲು ಹೋಗುವವರ ಎತ್ತರದ ಗಾಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನೀವೂ ನೋಡಿರುತ್ತೀರಿ. ಗಾಡಿಯ ಬೆನ್ನಿಗೊಂದು ಟೈರು, ಟೈರಿಗೊಂದು ಅಂಗಿ, ಅಂಗಿಯ ಮೇಲೊಂದು ಹುಲಿಯ ಮುಖ. ಬಹಳ ಅಚ್ಚುಕಟ್ಟು. ಗಾಡಿಯ ಅಳತೆಗೆ ಟೈರು, ಟೈರಿನ ಅಳತೆಗೆ ಅಂಗಿ. ನಮ್ಮ ಜೀಪಿನ ಬೆನ್ನಿಗಿದ್ದ ಟೈರಿಗೆ ಅಂಗಿ ಹೊಲಿಸಬೇಕಾಗಿದ್ದರೆ ಮನೆಯ ಜಮಖಾನವನ್ನೇ ಕತ್ತರಿಸಬೇಕಾಗುತ್ತಿತ್ತು.

ಇದು ಐವತ್ತರ ದಶಕದ ಮಾತು. ನಮ್ಮೂರು ಹಂಗಳದಿಂದ ಇನ್ನೂ ಒಳಕ್ಕೆ, ಕಾಡಿನ ಅಂಚಿನಲ್ಲಿ. ನಾನು ಚಿಕ್ಕವನಿದ್ದಾಗಲೇ ನಮ್ಮಪ್ಪ ತೀರಿಕೊಂಡಿದ್ದರು. ಮನೆಗೆ ಯಜಮಾನರು ದೊಡ್ಡಪ್ಪ. ರಾಗಿ, ಜೋಳ, ಅರಿಸಿನ ಬಿಟ್ಟರೆ ಭೂಮಿಯಲ್ಲಿ ಬೇರೇನಾದರೂ ಬೆಳೆಯಬಹುದು ಎಂದರೆ ಅವರಿಗೆ ಅದು ಅವರ ತಂದೆ ತಾತಂದಿರನ್ನು ಬೈದಂತೆ. ಅಂಥ ಮನೆಯಲ್ಲಿ ಅವ್ವ ಅಪ್ಪನ ಪಾಲಿನ ಹೊಲಕ್ಕೆ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕಲು ಕೂತಳು. ಅವಳಿಗೆ ಆ ಹುಳುಗಳ ಮೇಲೆ ಎಂಥ ಆಸೆ ಎಂದರೆ, ಅವು ಸೊಪ್ಪು ಮೇಯುವ ಸದ್ದು ಕೇಳುತ್ತ ತಾನು ಉಣ್ಣುವುದನ್ನೇ ಮರೆಯುತ್ತಿದ್ದಳು. ಹುಳುಮನೆಯಲ್ಲಿ ಒಬ್ಬರೂ ಕೆಮ್ಮುವಂತಿರಲಿಲ್ಲ.

ದೊಡ್ಡಪ್ಪ ಈ ವಿಷಯದಲ್ಲಿ ಅವ್ವನ ಜೊತೆ ದಿನಾ ಜಗಳವಾಡುತ್ತಿದ್ದರು ಎಂದು ನೀವು ತಿಳಿದರೆ ತಪ್ಪು. ಅವರಿಬ್ಬರೂ ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡಿದವರಲ್ಲ. ನಮ್ಮ ಕಡೆ ಆಗ ಹೆಂಗಸು ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ, ಅವರೂ ಅವಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅದು ಮರ್ಯಾದೆ. ಮಾತೇನಾದರೂ ಇದ್ದರೆ ನಡುವೆ ಒಬ್ಬ ಬೇಕು. ಆ ಒಬ್ಬ ನಾನು.

"ಯೋಳ್ಲಾ ನಿಮ್ಮವ್ವುಂಗೆ, ಸಾರ್ಗೆ ಉಪ್ಪು ಕಮ್ಮಿ ಅಂತ," ಎನ್ನುತ್ತಿದ್ದರು ದೊಡ್ಡಪ್ಪ. ಅವ್ವ ಕೂಗಳತೆಯಲ್ಲೂ ಅಲ್ಲ, ಕೈಯಳತೆಯಲ್ಲಿ ಒಲೆಯ ಮುಂದೆ ಇರುತ್ತಿದ್ದಳು. ನಾನು ಆ ಕಡೆ ತಿರುಗಿ, "ಅವ್ವಾ, ಸಾರಿಗೆ ಉಪ್ಪು ಕಮ್ಮಿಯಂತೆ," ಎನ್ನಬೇಕು. "ನಿಮ್ ದೊಡ್ಡಪ್ಪಾರ್ಗೆ ಯೋಳು, ಉಪ್ಪು ಮುಂದ್ಗಡೆನೇ ಮಡ್ಗಿವ್ನಿ ಅಂತ," ಎನ್ನುತ್ತಿದ್ದಳು ಅವಳು. ನಾನು ಈ ಕಡೆ ತಿರುಗಿ ಅದನ್ನೂ ಒಪ್ಪಿಸಬೇಕು. ಇಷ್ಟರಲ್ಲಿ ನನ್ನ ಮುದ್ದೆ ಆರಿರುತ್ತಿತ್ತು. ನಾನು ಮೈಸೂರಿನಲ್ಲಿದ್ದ ಕಾಲದಲ್ಲಿ ಅವರು ಹಟ್ಟಿಯ ಎಮ್ಮೆಗೆ ಹೇಳುವ ನೆಪದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರಂತೆ. ಎಮ್ಮೆ ನನಗಿಂತ ಚೆನ್ನಾಗಿ ಆ ಕೆಲಸ ಮಾಡಿತ್ತು ಎಂದು ಅವ್ವ ಆಗಾಗ ಹೇಳುತ್ತಿದ್ದಳು.

ರೇಷ್ಮೆಯ ಕಷ್ಟ ಹುಳು ಸಾಕುವುದರಲ್ಲಿಲ್ಲ, ಗೂಡು ಮಾರುವುದರಲ್ಲಿದೆ. ಹುಳು ಗೂಡು ಕಟ್ಟಿ ಒಳಗೆ ಮಲಗುತ್ತದೆ. ಸ್ವಲ್ಪ ದಿನ ಬಿಟ್ಟರೆ ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ, ಅದನ್ನು ಯಾರೂ ಮೂಸುವುದಿಲ್ಲ. ಗೂಡು ಕೊಳ್ಳುವವರು ಸಂತೆಮರಹಳ್ಳಿಯ ಸಂತೆಗೆ ಬರುತ್ತಿದ್ದರು. ನಮ್ಮೂರಿಂದ ಹಂಗಳ, ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ ದಾಟಿ ಆಚೆಗೆ ಸಂತೆಮರಹಳ್ಳಿ. ವಾರಕ್ಕೊಂದೇ ಸಂತೆ. ಅವ್ವನ ಮೊದಲ ಬೆಳೆ ಎತ್ತಿನ ಗಾಡಿಯಲ್ಲಿ ಹೋಯಿತು. ಗಾಡಿ ತಲುಪುವಷ್ಟರಲ್ಲಿ ಸಂತೆ ಚದುರಿತ್ತು. ಮುಂದಿನ ಸಂತೆಗೆ ಕಾಯುತ್ತ ಕೂತವರ ಕಣ್ಣೆದುರೇ ಬುಟ್ಟಿಗಳ ತುಂಬ ಚಿಟ್ಟೆಗಳು ಎದ್ದು ರೆಕ್ಕೆ ಬಡಿದವು. ಅವ್ವ ಆ ಬುಟ್ಟಿಗಳನ್ನು ವಾಪಸು ತಂದು ಹಟ್ಟಿಯಲ್ಲಿಟ್ಟು, ಸೆರಗು ಹೊದ್ದು ಮಲಗಿಬಿಟ್ಟಳು. ಅವಳು ಹಗಲು ಹೊತ್ತು ಮಲಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಯೋಳ್ಲಾ ನಿಮ್ಮವ್ವುಂಗೆ," ಎಂದರು ದೊಡ್ಡಪ್ಪ. "ಇನ್ನೊಂದ್ ಬೆಳೆ ನೋಡನ. ಅದೂ ಸಂತೆ ಮುಟ್ನಿಲ್ಲ ಅಂದ್ರೆ ಉಪ್ಪುನೇರ್ಲೆ ಬುಡ ಕಿತ್ತಾಕಿ ಅರಿಸ್ನ ಆಕದೇಯ." ನಾನು ಅದನ್ನು ಒಪ್ಪಿಸುವ ಅಗತ್ಯವಿರಲಿಲ್ಲ. ಹೊದ್ದ ಸೆರಗಿನೊಳಗೆ ಅವ್ವ ಕೇಳಿಸಿಕೊಂಡಿದ್ದಳು.

ಮಾರನೆಯ ದಿನ ಎದ್ದವಳೇ ತವರಿನಿಂದ ಬಂದ ಚಿನ್ನದ ಬಳೆಗಳನ್ನು ಪೆಟ್ಟಿಗೆಯಿಂದ ತೆಗೆದು ಸೆರಗಿಗೆ ಗಂಟು ಹಾಕಿಕೊಂಡು, "ನಡೀಲಾ ಮೈಸೂರ್ಗೆ," ಎಂದಳು. ನಾನು ಮೈಸೂರಿಗೆ ಇಂಟರ್‌ಮೀಡಿಯಟ್ ಓದಲು ಹೋಗಿ, ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿತು ಬಂದಿದ್ದೆ. ಉಳಿದದ್ದರಲ್ಲಿ ಮೋಟಾರು ಓಡಿಸುವುದೂ ಒಂದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಬಿಟ್ಟ ಜೀಪುಗಳನ್ನು ರಿಪೇರಿ ಮಾಡಿ ಮಾರುವ ವ್ಯಾಪಾರಿಯೊಬ್ಬ ಅಲ್ಲಿದ್ದ. ಅವನ ಅಂಗಳದಲ್ಲಿ ಒಂದು ಜೀಪು ನಮಗೆ ಕುದುರಿತು. ಅವ್ವ ಅದರ ಸುತ್ತ ತಿರುಗಿ, ಬೆನ್ನು ಸವರಿ, ಕಾಲು ಒತ್ತಿ ನೋಡಿದಳು. ಬಾಯಿ ತೆಗೆಸಿ ಹಲ್ಲು ನೋಡುವುದೊಂದು ಬಾಕಿ ಇತ್ತು.

ಬಳೆ ಮಾರಿದ ಹಣ ಕೈದಾಟಿತು. ಕಾಗದ ಆಯಿತು. ನಾನು ಹತ್ತಿ ಕೂತೆ. ಅವ್ವ ಮಾತ್ರ ಅಂಗಳದಲ್ಲೇ ನಿಂತಿದ್ದಳು.

"ಕೊಸ್ರು?" ಎಂದಳು ವ್ಯಾಪಾರಿಗೆ.

ಅವನಿಗೆ ಅರ್ಥವಾಗಲಿಲ್ಲ. "ಏನಮ್ಮ?"

"ಇಷ್ಟ್ ದೊಡ್ ವ್ಯಾಪಾರ ಮಾಡಿವ್ನಿ. ಮೇಲೊಂದು ಕೊಸ್ರು ಕೊಡಾಕಿಲ್ವಪ್ಪ?"

"ಜೀಪಿಗೆಂಥ ಕೊಸರಮ್ಮ? ಇದೇನು ಸೊಪ್ಪಾ?" ಎಂದು ಅವನು ನಕ್ಕ. ಅವ್ವ ನಗಲಿಲ್ಲ. ಅಲ್ಲೇ ಅವನ ಅಂಗಳದ ನಡುವೆ, ಬೇರೆ ಗಿರಾಕಿಗಳು ಬಂದು ಹೋಗುವ ದಾರಿಯಲ್ಲಿ, ಕಾಲು ಚಾಚಿ ಕೂತು ಎಲೆಅಡಿಕೆಯ ಚೀಲ ಬಿಚ್ಚಿದಳು. ಎಲೆಗೆ ಸುಣ್ಣ ಸವರುವ ಅವಳ ನಿಧಾನ ನೋಡಿದವನಿಗೆ ಇವಳು ಇವತ್ತು ಏಳುವವಳಲ್ಲ ಎಂದು ತಿಳಿಯಿತು. ನಾನು ನಾಚಿಕೆಯಿಂದ ಸ್ಟೀರಿಂಗಿನ ಕೆಳಗೆ ಏನೋ ಹುಡುಕುವವನಂತೆ ಬಗ್ಗಿದೆ.

ಕೊನೆಗೆ ವ್ಯಾಪಾರಿ ಗೋಡೆಯ ಕಡೆ ಕೈ ತೋರಿಸಿದ. "ಜೀಪಿಗೆ ಸ್ಟೆಪ್ನಿ ಇಲ್ಲ. ಅಲ್ಲಿರೋ ಟೈರಲ್ಲಿ ಒಂದು ತಗೊಂಡು ಹೋಗಮ್ಮ ತಾಯಿ."

ಗೋಡೆಗೆ ಎರಡು ಟೈರು ಒರಗಿದ್ದವು. ಒಂದು ಜೀಪಿನದೇ ಅಳತೆಯದು, ಆದರೆ ಹಲ್ಲೆಲ್ಲ ಸವೆದು ಬೋಳಾಗಿತ್ತು. ಇನ್ನೊಂದು ಯಾವುದೋ ದೊಡ್ಡ ಮಿಲಿಟರಿ ಗಾಡಿಯದು. ಹೊಸದು, ಕರ್ರಗೆ ಮಿರುಗುತ್ತ, ದಪ್ಪ ದಪ್ಪ ಹಲ್ಲು ಬಿಟ್ಟುಕೊಂಡು ನಿಂತಿತ್ತು. ನಾನು ಚಿಕ್ಕದರ ಮೇಲೆ ಕೈಯಿಟ್ಟೆ. ಅವ್ವ ನನ್ನ ಕೈಗೆ ಹೊಡೆದಳು.

"ಯಾವನಾದ್ರೂ ಕೊಸ್ರುಗೆ ಚಿಕ್ ಬದ್ನೆಕಾಯ್ ಎತ್ಕತನ್ಲಾ?"

"ಅವ್ವಾ, ಅದು ಜೀಪಿಗೆ ದೊಡ್ಡದಾಗ್ತದೆ."

"ದೊಡ್ದಾದ್ರೆ ಆಗ್ಲಿ, ಚಿಕ್ದಾದ್ರೆ ತಾನೆ ಕಷ್ಟ? ನಿಂಗೆ ಅಂಗಿ ಒಲ್ಸುವಾಗ್ಲೂ ಒಂಚೂರು ದೊಡ್ದಾಗೇ ಒಲ್ಸ್‌ನಿಲ್ವ?"

ಇಂಟರ್‌ಮೀಡಿಯಟ್ ಓದಿದ ನಾನೇ ಅದನ್ನು ಉರುಳಿಸಿಕೊಂಡು ಬಂದೆ. ವ್ಯಾಪಾರಿಗೂ ಆ ದೊಡ್ಡ ಟೈರು ತೊಲಗಿದರೆ ಸಾಕಾಗಿತ್ತು. ಸಂತೋಷದಿಂದ ಅದನ್ನು ಜೀಪಿನದೇ ಒಂದು ರಿಂಗಿಗೆ ಹತ್ತಿಸಿಕೊಟ್ಟ. ಬೋಲ್ಟಿನ ತೂತುಗಳು ಸರಿಹೋದವು. ಎತ್ತರ ಮಾತ್ರ ಉಳಿದ ಚಕ್ರಗಳಿಗಿಂತ ಮೂರು ಬೆರಳು ಹೆಚ್ಚು. ತೂಕವಂತೂ ಇಬ್ಬರು ಎತ್ತಬೇಕು. ಜೀಪಿನ ಹಿಂದಿದ್ದ ಟೈರು ಹಿಡಿಯುವ ಕೊಕ್ಕೆ ಅದನ್ನು ಹೊತ್ತು ನಂಜನಗೂಡಿನವರೆಗೂ ಬಂದು, ಅಲ್ಲಿ ಸೊಂಟ ಮುರಿದುಕೊಂಡು ಕೂತಿತು. ಉಳಿದ ದಾರಿಯುದ್ದಕ್ಕೂ ಟೈರು ಜೀಪಿನ ಒಳಗೆ, ಅವ್ವ ಟೈರಿನ ಮೇಲೆ.

ಗುಂಡ್ಲುಪೇಟೆಯಲ್ಲಿ ಹುಣಸೆಮರದ ಕೆಳಗೆ ಬಸ್ಸು ಲಾರಿ ರಿಪೇರಿ ಮಾಡುವ ಬಾಷಾ ಸಾಹೇಬರು ಇದ್ದರು. ಅವರ ಬಾಯಿಗೆ ಸಿಕ್ಕ ಗಾಡಿ ಹಾಗೇ ಹೋದದ್ದಿಲ್ಲ. ನಮ್ಮ ಜೀಪಿನ ಒಳಗೆ ಇಣುಕಿ, ಟೈರನ್ನೂ ಅದರ ಮೇಲೆ ಕೂತ ಅವ್ವನನ್ನೂ ನೋಡಿ, "ಅಮ್ಮಾ, ಇದು ಜೀಪಿಗೆ ಟೈರಾ, ಟೈರಿಗೆ ಜೀಪಾ?" ಎಂದರು. ಆದರೂ ಗಾಡಿಚಕ್ರದ ಪಟ್ಟಿ ಕಾಯಿಸಿ, ಬಡಿದು, ಹಿಂದೆ ಒಂದು ಭದ್ರವಾದ ಕೊಕ್ಕೆ ಮಾಡಿ ಟೈರನ್ನು ನೇತುಹಾಕಿಕೊಟ್ಟರು.

ಆಗ ಬಂತು ಎರಡನೆಯ ಫಜೀತಿ. ಹಿಂದಿನ ಭಾರಕ್ಕೆ ಜೀಪಿನ ಮೂಗು ಹಗುರವಾಗಿಬಿಟ್ಟಿತು. ದಿಣ್ಣೆ ಹತ್ತುವಾಗ ಮುಂದಿನ ಚಕ್ರಗಳು ನೆಲದ ಮೇಲೆ ಇವೆಯೋ ಇಲ್ಲವೋ ಎನ್ನುವ ಹಾಗೆ. ಸ್ಟೀರಿಂಗು ತಿರುಗಿಸಿದರೆ ಜೀಪು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಮತ್ತೆ ಬಾಷಾ ಸಾಹೇಬರ ಹತ್ತಿರ ಹೋದೆವು.

"ಆ ಟೈರು ಇಳ್ಸಿ ಬಿಸಾಕಿ, ಎಲ್ಲಾ ಸರಿ ಹೋಗ್ತದೆ," ಎಂದರು ಅವರು.

"ಇಳ್ಸಾದು ಬುಡಿ, ಬ್ಯಾರೆ ಯೋಳಿ," ಎಂದಳು ಅವ್ವ.

"ಹಂಗಾದ್ರೆ ಮುಂದಕ್ಕೂ ಒಂದು ಭಾರ ಹಾಕಿ!" ಅವರು ತಮಾಷೆಗೆ ಅಂದದ್ದು. ನಮ್ಮ ಅವ್ವನಿಗೆ ತಮಾಷೆಗೂ ನಿಜಕ್ಕೂ ವ್ಯತ್ಯಾಸ ಮಾಡುವಷ್ಟು ಪುರಸೊತ್ತು ಇರಲಿಲ್ಲ. ಮಾರನೆಯ ದಿನ ಮನೆಯ ಹಿತ್ತಲಲ್ಲಿದ್ದ ಖಾರ ಅರೆಯುವ ಹಳೆಯ ಚಪ್ಪಟೆ ಕಲ್ಲು ಜೀಪಿನ ಮುಂದಿನ ಬಂಪರಿನ ಮೇಲೆ ಬಂದು ಕೂತಿತು. ಬಾಷಾ ಸಾಹೇಬರು ಅದಕ್ಕೆ ಹಗ್ಗ ಬಿಗಿಯುತ್ತ ಬಿಗಿಯುತ್ತ ನಗು ತಡೆಯಲಾಗದೆ ನೆಲಕ್ಕೆ ಕೂತರು. "ಯಾ ಅಲ್ಲಾ! ಹಿಂದೆ ಬೇಡದ ಟೈರು, ಮುಂದೆ ಬೇಡದ ಕಲ್ಲು, ಮಧ್ಯೆ ನೀನೊಬ್ಬ ತಮ್ಮಾ!" ಎಂದರು. ಮರದ ಕೆಳಗಿದ್ದ ಈರುಳ್ಳಿ ಲಾರಿಗಳವರೆಲ್ಲ ಬಂದು ನೋಡಿ ಹೋದರು.

ಆಮೇಲೆ ನಾನು ಯಾವ ಊರಿಗೆ ಹೋದರೂ ಜೀಪಿಗಿಂತ ಮೊದಲು ನಗು ತಲುಪುತ್ತಿತ್ತು. "ಖಾರ ಅರ್ಯಾಕ್ ಓಯ್ತಿದ್ದೀಯೇನ್ಲಾ?" ಎಂದು ಗಾಡಿಯವರು ಕೇಳುತ್ತಿದ್ದರು. "ಟೈರ್ ಮಾರೀಯಾ, ಜೀಪ್ ಮಾರೀಯಾ?" ಎಂದು ಹಂಗಳದ ಹೋಟೆಲಿನವರು. ಒಂದು ಸಲ ನಮ್ಮ ಮನೆಯ ಕೋಳಿಯೊಂದು ಆ ಟೈರಿನ ಒಳಸುತ್ತಿನಲ್ಲಿ ಮೊಟ್ಟೆಯಿಡಲು ಕೂತಿದ್ದು ನನಗೆ ಗೊತ್ತಾಗದೆ ಗುಂಡ್ಲುಪೇಟೆಯವರೆಗೂ ಹೋಗಿಬಿಟ್ಟೆ. ಅದು ಅಷ್ಟು ದೂರ ಗಾಳಿಗೆ ಪುಕ್ಕ ಕೆದರಿಕೊಂಡು ಕೂತಿದ್ದು, ಪೇಟೆಯ ನಡುವೆ ಕೊಕ್ಕೊಕ್ಕೋ ಎಂದು ಕೂಗಿ ಇಳಿಯಿತು. ಮೊಟ್ಟೆ ಒಡೆದಿರಲಿಲ್ಲ. ಬಾಷಾ ಸಾಹೇಬರು ಅದನ್ನು ಕೂಲಿಯೆಂದು ಇಟ್ಟುಕೊಂಡರು. ನಾನು ಪ್ರಾಯದವನು, ಬೈತಲೆ ತೆಗೆದು ಕ್ರಾಪು ಬಾಚಿ ಜೀಪು ಓಡಿಸುವವನು. ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಊರಿಗೆ ವಾಪಸಾದೆ.

ದೊಡ್ಡಪ್ಪ ಮಾತ್ರ ನಗಲಿಲ್ಲ. ಅವರು ಜೀಪನ್ನು ಹತ್ತಲಿಲ್ಲ, ಮುಟ್ಟಲಿಲ್ಲ. ಬೆಳೆಗೆ ಕಾಯುತ್ತಿದ್ದರು.

ಬೆಳೆ ಬಂತು. ಅಂಥ ಗೂಡು ನಾನು ಮತ್ತೆ ನೋಡಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ತುಂಬಿ, ಹುಳುಮನೆ ತುಂಬಿ, ನಮ್ಮ ಪಡಸಾಲೆಗೂ ಬಂದವು. ಅವ್ವ ಗೂಡು ಬಿಡಿಸಿ, ಒತ್ತದೆ, ಅದುಮದೆ, ಬುಟ್ಟಿಗಳಿಗೆ ತುಂಬಿದಳು. ಸಂತೆಯ ದಿನ ಬೆಳಗಾಗುತ್ತಲೇ ಬುಟ್ಟಿಗಳನ್ನು ಜೀಪಿಗೇರಿಸಿ ತೆಳುವಾದ ಸೀರೆ ಹೊದಿಸಿದೆವು. ಇವತ್ತು ತಪ್ಪಿದರೆ ಮುಂದಿನ ಸಂತೆಗೆ ಬುಟ್ಟಿ ತುಂಬ ಚಿಟ್ಟೆ. ಚಿಟ್ಟೆಯಾದರೆ ಹಿಪ್ಪುನೇರಳೆಯ ಬುಡಕ್ಕೆ ಗುದ್ದಲಿ. ಇದು ಅವ್ವನಿಗೂ ಗೊತ್ತು, ನನಗೂ ಗೊತ್ತು, ಕೊಡೆ ಹಿಡಿದು ಮೊದಲ ಸಲ ಜೀಪಿನ ಹತ್ತಿರ ಬಂದು ನಿಂತ ದೊಡ್ಡಪ್ಪನಿಗೂ ಗೊತ್ತು.

"ಯೋಳ್ಲಾ ನಿಮ್ಮವ್ವುಂಗೆ, ನಾನೂ ಬತ್ತೀನಿ ಅಂತ. ಕಣ್ಣಾರೆ ನೋಡ್ಬುಡನ."

ಅವ್ವ ಮುಂದೆ, ದೊಡ್ಡಪ್ಪ ಹಿಂದೆ ಬುಟ್ಟಿಗಳ ನಡುವೆ. ಅವರು ಸಣ್ಣ ಆಳಲ್ಲ. ಅವರು ಹತ್ತಿದಾಗ ಜೀಪು ಒಮ್ಮೆ ನಿಟ್ಟುಸಿರು ಬಿಟ್ಟಿತು. ಹಂಗಳ ದಾಟಿತು, ಗುಂಡ್ಲುಪೇಟೆ ದಾಟಿತು, ತೆರಕಣಾಂಬಿಯೂ ದಾಟಿತು. ತಂಪು ಗಾಳಿ. ಗೂಡಿನ ಹಸಿ ವಾಸನೆ. ನಾನು ಸಿಳ್ಳೆ ಹೊಡೆಯಬೇಕೆಂದು ತುಟಿ ಮುಂದೆ ಮಾಡಿದ್ದೆ, ಅಷ್ಟರಲ್ಲಿ ಹಿಂದೆ ಢಂ ಎಂದಿತು.

ಇಳಿದು ನೋಡಿದರೆ ಎಡಗಡೆಯ ಹಿಂದಿನ ಟೈರು. ಎತ್ತಿನ ಲಾಳದ ಮೊಳೆಯೊಂದು ಹೊಕ್ಕು, ಹಳೆಯ ರಬ್ಬರು ಅಂಗೈಯಗಲ ಬಾಯಿ ಬಿಟ್ಟಿತ್ತು. ತೇಪೆ ಹಾಕುವಂಥದ್ದಲ್ಲ. ಸರಿ, ಸ್ಟೆಪ್ನಿ ಇದೆಯಲ್ಲ, ಇಷ್ಟು ದಿನ ಅದಕ್ಕೆ ತಾನೆ ಹೊತ್ತದ್ದು ಎಂದು ಜಾಕ್ ಹಾಕಿ ಜೀಪು ಎತ್ತಿದೆ. ಹಾಳಾದ ಚಕ್ರ ಬಿಚ್ಚಿದೆ. ದೊಡ್ಡ ಚಕ್ರವನ್ನು ಉರುಳಿಸಿಕೊಂಡು ಬಂದು ಇಟ್ಟು ನೋಡಿದೆ. ಅದು ಒಳಗೆ ಹೋಗಲಿಲ್ಲ. ಜಾಕ್ ತನ್ನ ಕತ್ತು ಪೂರ್ತಿ ಉದ್ದ ಮಾಡಿ ನಿಂತಿತ್ತು, ಅದರ ಮೇಲೆ ಇನ್ನು ಒಂದು ನೂಲೂ ಏರುವಂತಿರಲಿಲ್ಲ. ಮೂರು ಬೆರಳು ಹೆಚ್ಚಿನ ಚಕ್ರಕ್ಕೆ ಜೀಪೂ ಇನ್ನಷ್ಟು ಮೇಲೇಳಬೇಕಲ್ಲ! ಇಷ್ಟು ತಿಂಗಳು ಆ ಟೈರನ್ನು ಊರೂರು ಮೆರೆಸಿದವನು ಒಂದು ದಿನವೂ ಅದನ್ನು ಹಾಕಿ ನೋಡಿರಲಿಲ್ಲ. ಹಾರ ಹಾಕಿ, ಕುಂಕುಮ ಇಟ್ಟು, ಆಯುಧಪೂಜೆಯನ್ನೂ ಮಾಡಿದ್ದೆ. ಹಾಕಿ ನೋಡುವುದು ಹೊಳೆದಿರಲಿಲ್ಲ.

ಗಟ್ಟಿ ಜಲ್ಲಿಯ ರಸ್ತೆ, ಕೆಳಗೆ ಅಗೆಯುವ ಹಾಗಿಲ್ಲ. ದೊಡ್ಡಪ್ಪ ಇಳಿದು, ಕೊಡೆ ಬಿಚ್ಚಿ, ಮೈಲಿಗಲ್ಲಿನ ಮೇಲೆ ಕೂತರು. ಹೊಗೆಸೊಪ್ಪು ತೆಗೆದರು. "ಯೋಳ್ಲಾ ನಿಮ್ಮವ್ವುಂಗೆ, ಇಲ್ಲೆಲ್ಲಾರ ಒಂದ್ ಗಾಡಿ ನೋಡನ. ಸಂತೆ ಇವತ್ತು ಸಿಕ್ಕಾಕಿಲ್ಲ. ಅರಿಸ್ನದ್ ಬಿತ್ನೆ ಮನೇಲೇ ಅದೆ." ಅವರ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಸಂಕಟವಾಯಿತು. ನಾನು ಒಪ್ಪಿಸಲೆಂದು ತಿರುಗಿದೆ.

ಅವ್ವ ನನ್ನ ಕಡೆ ನೋಡುತ್ತಿರಲಿಲ್ಲ. ಜಾಕನ್ನು ನೋಡುತ್ತಿದ್ದಳು. ಗಿಡ್ಡನೊಬ್ಬನಿಗೆ ಅಟ್ಟದ ಮೇಲಿನ ಮಡಕೆ ಎಟುಕದಿದ್ದರೆ ಏನು ಮಾಡಬೇಕು ಎನ್ನುವುದು ಅಡುಗೆಮನೆಯವರಿಗೆ ಗೊತ್ತಿರುವಂತೆ ಇಂಟರ್‌ಮೀಡಿಯಟ್ ಓದಿದವರಿಗೆ ಗೊತ್ತಿರುವುದಿಲ್ಲ.

"ಮುಂದ್ಗಡೆ ಕಲ್ಲು ಬಿಚ್ಲಾ," ಎಂದಳು.

"ಯಾಕವ್ವ?"

"ಅದ್ರ ಕಾಲ್ಕೆಳಿಕೆ ಮಣೆ ಕೊಡು ಕಣ್ಲಾ!"

ನಾನು ಓಡಿದೆ. ಹಗ್ಗ ಕೊಯ್ದು ಕಲ್ಲು ಇಳಿಸಿದೆ. ಹರಿದ ಚಕ್ರವನ್ನೇ ಮತ್ತೆ ಸಿಕ್ಕಿಸಿ, ಜಾಕ್ ಇಳಿಸಿ, ಅದರ ಕೆಳಗೆ ಖಾರ ಅರೆಯುವ ಕಲ್ಲನ್ನು ತಳ್ಳಿದೆ. ಅಷ್ಟು ವರ್ಷ ಸಾರಿನ ಮಸಾಲೆ ನುರಿದ ಆ ಕಲ್ಲಿನ ಮೇಲೆ ಜಾಕ್ ಒಂದಿಷ್ಟೂ ಅಲುಗದೆ ನಿಂತಿತು. ತಿರುಗಿಸಿದೆ. ಜೀಪು ಏರಿತು, ಇನ್ನೂ ಏರಿತು. ಹರಿದ ಚಕ್ರ ಕಳಚಿ ಬದಿಗೆಸೆದೆ. ಜಾಗ ಆಯಿತು. ಆದರೆ ದೊಡ್ಡ ಚಕ್ರವನ್ನು ಬೋಲ್ಟಿನ ಮಟ್ಟಕ್ಕೆ ಎತ್ತಿ ಹಿಡಿಯುವುದು ಒಬ್ಬನ ಕೆಲಸವಲ್ಲ. ನಾನು ಒಂದು ಕಡೆ ಹಿಡಿದೆ. ಇನ್ನೊಂದು ಕಡೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿದಳು. ಎತ್ತಿದೆವು, ಜಾರಿತು. ಮತ್ತೆ ಎತ್ತಿದೆವು, ಮತ್ತೆ ಜಾರಿತು. ಅವ್ವನ ಮುಖ ಕೆಂಪಾಗಿತ್ತು.

ದೊಡ್ಡಪ್ಪ ಮೈಲಿಗಲ್ಲಿನಿಂದ ಎದ್ದು ನಿಂತಿದ್ದರು. ಬರಲೋ ಬೇಡವೋ ಎನ್ನುವಂತೆ ಕೊಡೆ ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು. ಆಗ ಅವ್ವ ತಲೆ ಎತ್ತಿದಳು. ನನ್ನ ಕಡೆ ಅಲ್ಲ, ನೇರ ಅವರ ಕಡೆ.

"ನೋಡ್ತಾ ನಿಂತ್ಕಬ್ಯಾಡಿ ಬಾವ, ಬಂದು ಇಡ್ಕಳಿ!"

ಅವ್ವನಿಗೂ ತಾನು ಏನು ಮಾಡಿದೆ ಎನ್ನುವುದು ಆಡಿದ ಮೇಲೆ ತಿಳಿದಿರಬೇಕು, ತುಟಿ ಕಚ್ಚಿಕೊಂಡಳು. ಆದರೆ ಟೈರು ಬಿಡಲಿಲ್ಲ. ದೊಡ್ಡಪ್ಪ ಕೊಡೆಯನ್ನು ರಸ್ತೆಯ ಮೇಲೆಯೇ ಬಿಟ್ಟು ಬಂದು ಟೈರಿಗೆ ಕೈ ಹಾಕಿದರು. ಏನು ಕೈ ಅದು! ಉತ್ತ ಕೈ, ಮೂಟೆ ಹೊತ್ತ ಕೈ. ಚಕ್ರ ಹೂವೆತ್ತಿದ ಹಾಗೆ ಮೇಲೆ ಹೋಗಿ ಬೋಲ್ಟುಗಳ ಮೇಲೆ ಕೂತಿತು. ನಾನು ನಟ್ಟು ಬಿಗಿದೆ. ಜಾಕ್ ಇಳಿಸಿದೆ.

ಜೀಪು ಈಗ ಬಲಕ್ಕೆ ವಾಲಿ ನಿಂತಿತ್ತು, ಎಡಗಾಲಿಗೆ ಮಾತ್ರ ಎತ್ತರದ ಮೆಟ್ಟು ಹಾಕಿಕೊಂಡವರ ಹಾಗೆ. ಬುಟ್ಟಿಗಳು ಬಲಕ್ಕೆ ಸರಿದವು. ಒಮ್ಮೆ ಸಂಕೋಚ ಮುರಿದ ಮೇಲೆ ಅವ್ವನಿಗೆ ಇನ್ನೇನು?

"ಬಾವ, ನೀವು ಎಡ್ಗಡೆಗೆ ಕೂತ್ಕಳಿ. ಅಂಚ್ಗೆ ಬನ್ನಿ, ಇನ್ನೂ ಅಂಚ್ಗೆ. ಆ... ಅಂಗೆ!"

ದೊಡ್ಡಪ್ಪ, ಊರಿನ ನ್ಯಾಯ ಹೇಳುವ ಯಜಮಾನರು, ಬಿದ್ದ ಕೊಡೆ ಎತ್ತಿಕೊಂಡು ಬಂದು ಜೀಪಿನ ಎಡ ಅಂಚಿನ ಮೇಲೆ ಒಂದು ಕಾಲು ಹೊರಗೆ ಹಾಕಿ ಕೂತರು. ಅವರ ತೂಕಕ್ಕೆ ಸ್ಪ್ರಿಂಗು ಕುಗ್ಗಿ ಜೀಪು ಸುಮಾರಾಗಿ ಸಮಕ್ಕೆ ಬಂತು. ಹರಿದ ಚಕ್ರ ಹಿಂದಿನ ಕೊಕ್ಕೆಗೆ, ಕಲ್ಲು ಅವ್ವನ ಕಾಲಬಳಿಗೆ. ಹೊರಟೆವು. ಸ್ಟೀರಿಂಗು ಬಲಕ್ಕೆ ಎಳೆಯುತ್ತಿತ್ತು, ನಾನು ಎಡಕ್ಕೆ ಎಳೆಯುತ್ತಿದ್ದೆ. ಗುಂಡಿಗೆ ಇಳಿದಾಗಲೆಲ್ಲ ದೊಡ್ಡ ಟೈರು ಬಾಡಿಗೆ ಉಜ್ಜಿ ಗರ್ ಎನ್ನುತ್ತಿತ್ತು, ದೊಡ್ಡಪ್ಪ ಕಾಲೆತ್ತುತ್ತಿದ್ದರು.

ಚಾಮರಾಜನಗರದ ಪೇಟೆಬೀದಿಯಲ್ಲಿ ನಾವು ಹೋದದ್ದನ್ನು ನೋಡಿದವರು ಅದನ್ನು ಬಹಳ ದಿನ ಮರೆತಿರಲಾರರು. ಒಂದು ಕಾಲು ಎತ್ತರದ ಜೀಪು, ಸೀರೆ ಹೊದ್ದ ಬುಟ್ಟಿಗಳ ರಾಶಿ, ಅಂಚಿನಲ್ಲಿ ಕೊಡೆ ಬಿಚ್ಚಿ ಕೂತ ಮೀಸೆಯ ಯಜಮಾನರು, ಮುಂದೆ ಖಾರ ಅರೆಯುವ ಕಲ್ಲಿನ ಮೇಲೆ ಕಾಲಿಟ್ಟು ಕೂತ ಅವ್ವ. ಅಂಗಡಿಗಳಿಂದ ಜನ ಹೊರಬಂದರು. ಯಾರೋ ಮದುವೆ ದಿಬ್ಬಣ ಎಂದರು, ಯಾರೋ ಓಟಿನವರು ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಕನ್ನಡಿಯಲ್ಲಿ ನೋಡಿದೆ. ದೊಡ್ಡಪ್ಪ ಮೊದಲು ಮುಖ ಗಂಟಿಕ್ಕಿಕೊಂಡಿದ್ದರು. ಬೀದಿಯ ಕೊನೆ ಬರುವಷ್ಟರಲ್ಲಿ ಎರಡೂ ಕಡೆ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು.

"ಇನ್ನೊಂಚೂರು ಜೋರಾಗ್ ಓಡ್ಸ್ಲಾ!" ಎಂದು ಹಿಂದಿನಿಂದ ಕೂಗಿದರು.

ಸಂತೆಮರಹಳ್ಳಿ ಮುಟ್ಟಿದಾಗ ಹಣ್ಣು ತರಕಾರಿಯವರು ಗಂಟು ಕಟ್ಟುತ್ತಿದ್ದರು. ಗೂಡಿನ ವ್ಯಾಪಾರಿ ತಕ್ಕಡಿಯ ಸರಪಳಿಯನ್ನು ಮಡಿಸಿ ಚೀಲಕ್ಕೆ ಹಾಕಿದ್ದ. ಅವ್ವ ಜೀಪು ನಿಲ್ಲುವ ಮೊದಲೇ ಹಾರಿ, ಒಂದು ಬೊಗಸೆ ಗೂಡು ತೆಗೆದು ಅವನ ಮುಂದೆ ಹಿಡಿದಳು. ಅವನು ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಹುಳು ಗಲಗಲ ಎಂದಿತು. ಮತ್ತೊಂದನ್ನು ಅಲ್ಲಾಡಿಸಿದ. ಬೆರಳಲ್ಲಿ ಒತ್ತಿ ನೋಡಿದ. ಚೀಲಕ್ಕೆ ಕೈಹಾಕಿ ತಕ್ಕಡಿಯನ್ನು ಮತ್ತೆ ಹೊರಗೆ ತೆಗೆದ. ಆ ಸರಪಳಿಯ ಸದ್ದಿನಷ್ಟು ಇಂಪಾದ ಸದ್ದು ನಾನು ಕೇಳಿಲ್ಲ. ಅವ್ವ ಕಣ್ಣೊರೆಸಿಕೊಂಡು ಧೂಳು ಎಂದಳು.

ಎಲ್ಲ ಬುಟ್ಟಿಯೂ ತೂಗಿ ಆಯಿತು. ವ್ಯಾಪಾರಿ ಚೀಲದ ಬಾಯಿ ಹಿಡಿದು, "ಕೊಸ್ರು ಆಕ್ರವ್ವ," ಎಂದ. ಅವ್ವನಿಂದಲೇ ಕೊಸರು ಕೇಳುವ ಗಂಡಾಳು ಸಿಕ್ಕನಲ್ಲ ಎಂದು ನನಗೆ ಖುಷಿಯಾಯಿತು. ಅವಳು ಕೈ ಮುಂದೆ ಮಾಡುವ ಮೊದಲೇ ದೊಡ್ಡಪ್ಪ ಕೊನೆಯ ಬುಟ್ಟಿಗೆ ಎರಡೂ ಕೈ ಹಾಕಿ, ಆ ದೊಡ್ಡ ಬೊಗಸೆಯ ತುಂಬ ಗೂಡು ಎತ್ತಿ ಚೀಲಕ್ಕೆ ಸುರಿದರು.

"ತಕ್ಕಳಪ್ಪ! ನಮ್ಮನೆ ಕೊಸ್ರು ಅಂದ್ರೆ ಚಿಕ್ದಲ್ಲ ಕಣ. ಬೇಕಾದ್ರೆ ಆ ಜೀಪ್ ನೋಡು!"

ವಾಪಸು ಬರುವಾಗ ಗುಂಡ್ಲುಪೇಟೆಯ ಹುಣಸೆಮರದ ಕೆಳಗೆ ನಿಲ್ಲಿಸಿದೆವು. ಬಾಷಾ ಸಾಹೇಬರು ಜೀಪಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ದೊಡ್ಡ ಚಕ್ರ ನೋಡಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ನಗಲಿಲ್ಲ. ಟೋಪಿ ತೆಗೆದು ಅವ್ವನಿಗೆ ಸಲಾಮು ಹಾಕಿದರು. ಆಮೇಲೆ, "ಅಮ್ಮಾ, ಅಳತೆದು ಟೈರು ಒಂದು ನನ್ ಹತ್ರ ಐತೆ. ಹಾಕಿ ಕೊಡ್ತೀನಿ. ಬದಲಿಗೆ ಆ ದೊಡ್ಡದು ಕೊಟ್ಬಿಡಿ," ಎಂದರು.

"ಅಳ್ತೇದು ಆಕು, ದುಡ್ಡು ಕೊಟ್ಟೇವು," ಎಂದರು ದೊಡ್ಡಪ್ಪ. "ದೊಡ್ದು ಮುಟ್ಬ್ಯಾಡ. ಅದು ಮೊದ್ಲಿದ್ದಂಗೆ ಹಿಂದ್ಗಡೆನೇ ಇರ್ಬೇಕು. ಕಲ್ಲೂ ಅಷ್ಟೇಯ, ಮುಂದ್ಗಡೆನೇ ಕಟ್ಟು."

ಹಾಗೇ ಆಯಿತು. ಆ ಟೈರು ಆಮೇಲೂ ಎಷ್ಟೋ ಕಾಲ ನಮ್ಮ ಜೀಪಿನ ಬೆನ್ನಿಗಿತ್ತು. ನಗುವವರು ನಗುತ್ತಲೇ ಇದ್ದರು, ನಾನು ಮಾತ್ರ ಆಮೇಲೆ ಅವರ ಜೊತೆ ಸೇರಿ ನಗುತ್ತಿದ್ದೆ.

ಹಂಗಳ ದಾಟಿ ಊರಿನ ದಾರಿಗೆ ತಿರುಗಿದಾಗ ಸಂಜೆಯ ಬಿಸಿಲು ಗೋಪಾಲಸ್ವಾಮಿ ಬೆಟ್ಟದ ಮೇಲಿತ್ತು. ಅವ್ವನ ಹಿಪ್ಪುನೇರಳೆ ತೋಟ ದೂರದಿಂದಲೇ ಹಸಿರಾಗಿ ಕಂಡಿತು. ಖಾಲಿ ಬುಟ್ಟಿಗಳ ನಡುವೆ ಕೂತಿದ್ದ ದೊಡ್ಡಪ್ಪ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ನಿಂಗಮ್ಮ," ಎಂದರು. ಅವರ ಬಾಯಲ್ಲಿ ಅವ್ವನ ಹೆಸರು ನಾನು ಕೇಳಿದ್ದು ಅದೇ ಮೊದಲು. "ಆ ಕೆರೆಮಗ್ಗುಲ್ ಹೊಲಕ್ಕೂ ಉಪ್ಪುನೇರ್ಲೆನೇ ಆಕದಾ?"

ನಾನು ಹುಟ್ಟಿದಾಗಿನ ಅಭ್ಯಾಸ. ಅವ್ವನ ಕಡೆ ತಿರುಗಿ ಬಾಯಿ ತೆರೆದೆ. "ಅವ್ವಾ, ದೊಡ್ಡಪ್ಪ ಕೇಳ್ತಾವ್ರೆ, ಕೆರೆಮಗ್ಗುಲ ಹೊಲಕ್ಕೂ..."

"ನಂಗೂ ಕಿವಿ ಅವೆ ಕಣ್ಲಾ," ಎಂದಳು ಅವ್ವ. "ನೀನು ರಸ್ತೆ ನೋಡ್ಕಂಡು ಓಡ್ಸು." ಆಮೇಲೆ ಸೀಟಿನಲ್ಲೇ ಹಿಂದಕ್ಕೆ ತಿರುಗಿ, "ಆಕನ ಬಾವ," ಎಂದಳು.

ನಾನು ರಸ್ತೆ ನೋಡಿಕೊಂಡು ಓಡಿಸಿದೆ.